ಕೊನೆಗೆ ಹತ್ತುವವಳು

ಊರು ಯಾವುದಾದರೇನು, ಜನ ಹತ್ತುವುದು ಇಳಿಯುವುದು ಎಲ್ಲ ಕಡೆಯೂ ಒಂದೇ. ಅರ್ಧ ಆಯುಷ್ಯ ಬಸ್ಸಿನ ಬಾಗಿಲಲ್ಲಿ ನಿಂತು ಕಂಡಕ್ಟರ್ ಕೆಲಸ ಮಾಡಿ ನಿವೃತ್ತಳಾದ ನನಗೆ ಪರದೇಶದ ಆ ಬಂದರಿನ ಊರು ಬಂದಿಳಿದ ದಿನವೇ ಅರ್ಥವಾಗಿಬಿಟ್ಟಿತು. ಮುಗಿಲು ಮುಟ್ಟುವ ಕಟ್ಟಡಗಳಿದ್ದವು, ಹಡಗಿನಿಂದ ಪೆಟ್ಟಿಗೆ ಎತ್ತುವ ಕ್ರೇನುಗಳಿದ್ದವು, ಓದಲು ಬಾರದ ಬೋರ್ಡುಗಳಿದ್ದವು. ಇರಲಿ ಬಿಡಿ. ದಾರಿ ಅಂದಮೇಲೆ ಅದಕ್ಕೆ ಹೋಗುವ ಕಡೆ ಒಂದು, ಬರುವ ಕಡೆ ಒಂದು. ಅಷ್ಟು ಗೊತ್ತಿದ್ದರೆ ಸಾಕು ಎಂದು ಅಕ್ಕನಿಗೂ ಪಾಠ ಹೇಳಿದ್ದೆ.

ಅಕ್ಕ ನನ್ನ ಜೊತೆ ಬಂದದ್ದಕ್ಕೆ ಕಾರಣವಿತ್ತು. ಭಾವ ತೀರಿಕೊಂಡ ಮೇಲೆ ಅವಳ ಮಗ ಅವಳಿರುವ ಮನೆಯನ್ನು ಬಾಡಿಗೆಗೆ ಕೊಟ್ಟು ಅವಳನ್ನು ತನ್ನಲ್ಲಿಗೆ ಕರೆದೊಯ್ಯುತ್ತೇನೆಂದು ಹಟ ಹಿಡಿದಿದ್ದ. ನನ್ನ ಮನೆಯಲ್ಲೇ ಇರುತ್ತೇನೆ ಎಂದು ಅಕ್ಕ. ಒಬ್ಬಳೇ ಬಸ್ಸು ಹತ್ತಿ ಗೊತ್ತಿಲ್ಲದವಳು ಒಬ್ಬಳೇ ಹೇಗಿರುತ್ತೀ ಎಂದು ಮಗ. ನಾನೂ ಅವನ ಮಾತಿಗೇ ತಾಳ ಹಾಕಿದ್ದೆ. ಕೊನೆಗೆ ಈ ಪ್ರವಾಸವೇ ಪರೀಕ್ಷೆ ಎಂದಾಯಿತು. ಏನೂ ಎಡವಟ್ಟಾಗದೆ ತಿರುಗಾಡಿ ಬಂದರೆ ಮನೆ ಅಕ್ಕನದು, ಇಲ್ಲವಾದರೆ ಬಾಡಿಗೆಯವರದು. ತೀರ್ಪು ಹೇಳಬೇಕಾದವಳು ನಾನು. ಅವಳ ಫೋನು, ಪಾಸ್‌ಪೋರ್ಟು, ದುಡ್ಡು ಎಲ್ಲವನ್ನೂ ನನ್ನ ಚೀಲಕ್ಕೇ ತುಂಬಿಕೊಂಡು ಹೊರಟವಳ ತೀರ್ಪು ಏನಿದ್ದೀತು, ನೀವೇ ಹೇಳಿ.

ಆ ಮಧ್ಯಾಹ್ನ ಬಂದರಿನ ಆಚೆ ದಡಕ್ಕೆ ಜನರನ್ನು ದಾಟಿಸುವ ದೋಣಿ, ಆ ಲಾಂಚಿಗೆ ನೂಕುನುಗ್ಗಲು. ಅಕ್ಕನನ್ನು ಮೊದಲು ಹತ್ತಿಸಿದೆ. ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಮಗು ಎತ್ತಿಕೊಂಡವಳಿಗೆ ದಾರಿ ಬಿಡಿಸಿದೆ. ಬಾಗಿಲಿಗೆ ಅಡ್ಡ ನಿಂತವನ ಬೆನ್ನು ತಟ್ಟಿದೆ. ಮುಂದೆ ಹೋಗಿ, ಮುಂದೆ ಹೋಗಿ ಎಂದು ಕನ್ನಡದಲ್ಲೇ ಗದರಿದೆ, ಅವರೂ ಹೋದರು. ಕಂಡಕ್ಟರಾದವಳು ಹತ್ತುವುದು ಯಾವತ್ತೂ ಕೊನೆಗೆ. ಅವಳು ಸೀಟಿ ಊದದೆ ಗಾಡಿ ಅಲುಗಾಡುವುದಿಲ್ಲ. ಆ ಧೈರ್ಯದಲ್ಲಿ ಹಿಂದಿನಿಂದ ಇನ್ನಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡುತ್ತ ನಿಂತೆ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಗೇಟು ಮುಚ್ಚಿ, ಹಗ್ಗ ಬಿಚ್ಚಿ, ಲಾಂಚು ದಡ ಬಿಟ್ಟಾಗಿತ್ತು. ಬಸ್ಸು ನಿಲ್ಲಿಸುವವಳ ಹಾಗೆ ಹೋಲ್ಡಾನ್ ಎಂದು ಗಂಟಲು ಹರಿಯುವಂತೆ ಕೂಗಿದೆ. ಹಗ್ಗ ಸುತ್ತುತ್ತಿದ್ದವನು ನಗುತ್ತ ನನಗೆ ಟಾಟಾ ಮಾಡಿದ.

ಮುಂದಿನ ಲಾಂಚು ಹಿಡಿದೆ. ಈ ಸಲ ಎಲ್ಲರಿಗಿಂತ ಮೊದಲು ಹತ್ತಿದೆ. ಆಚೆ ದಡದಲ್ಲಿ ಅಕ್ಕ ಇರಲಿಲ್ಲ. ಲಾಂಚು ನಿಲ್ಲುವ ಕಟ್ಟೆಯ ಬೆಂಚುಗಳ ಮೇಲಿಲ್ಲ, ಟಿಕೆಟ್ ಕಿಟಕಿಯ ಬಳಿ ಇಲ್ಲ. ಜನದ ಹಿಂದೆ ಹೋಗಿರಬೇಕು ಎಂದುಕೊಂಡು ಬೀದಿಗಿಳಿದೆ. ಹಗ್ಗ ಮಾರುವವರು, ಇಂಜಿನ್ನಿನ ಹಳೆಯ ಬಿಡಿಭಾಗ ಹರಡಿಕೊಂಡವರು, ಬಟ್ಟೆ ಇಸ್ತ್ರಿ ಮಾಡುವವರು, ಎಲ್ಲರಿಗೂ ಫೋನಿನಲ್ಲಿದ್ದ ಅವಳ ಚಿತ್ರ ತೋರಿಸಿದೆ. ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಗೆ ಕಟ್ಟೆಗೇ ವಾಪಸ್ ಹೋಗೋಣವೆಂದು ತಿರುಗಿದರೆ ಕಟ್ಟೆ ಯಾವ ಕಡೆ ಎಂದೇ ತಿಳಿಯಲಿಲ್ಲ. ಅಷ್ಟು ದೊಡ್ಡ ಸಮುದ್ರ ಕಟ್ಟಡಗಳ ಹಿಂದೆ ಎಲ್ಲೋ ಅಡಗಿ ಕೂತಿತ್ತು. ನನಗೆ ದಿಕ್ಕು ತಪ್ಪಿತ್ತು.

ಎಷ್ಟು ಅಲೆದೆನೋ, ಒಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಸಿದು ಕೂತೆ. ಮನೆ ಯಾರದಾದರೂ ಆಗಲಿ, ಅಕ್ಕ ಒಬ್ಬಳು ಸಿಕ್ಕರೆ ಸಾಕಿತ್ತು. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ. ಆಗ ಅಕ್ಕ ಬಂದಳು. ಪಕ್ಕದಲ್ಲಿ ಒಬ್ಬ ಹೆಂಗಸು ಪೊಲೀಸು. ಇಬ್ಬರೂ ತವರಿನ ಗೆಳತಿಯರ ಹಾಗೆ ನಗುತ್ತಿದ್ದರು.

"ಇಲ್ಲೇ ಇರ್ತೀಯ ಅಂತ ನಂಗೊತ್ತಿತ್ತು ಕಣೇ," ಅಂದಳು ಅಕ್ಕ. "ಅಯ್ಯೋ, ಅಳ್ತಾ ಇದೀಯಲ್ಲೇ!"

ಅವಳು ಹೇಳಿದ್ದು ಇಷ್ಟು. ನಾನು ಹತ್ತಲಿಲ್ಲವೆಂದು ಕಂಡ ಕೂಡಲೇ ಆಚೆ ದಡದಲ್ಲಿ ಇಳಿಯುವುದು ಬೇಡ ಎಂದು ತೀರ್ಮಾನಿಸಿದಳಂತೆ. ಅದೇ ಲಾಂಚಿನಲ್ಲಿ ಕೂತೇ ಹೊರಟ ಕಡೆಗೇ ವಾಪಸ್ ಹೋದಳು. ಅಲ್ಲಿ ನಾನಿರಲಿಲ್ಲ. ಇವಳೆಲ್ಲಿ ಒಂದು ಕಡೆ ನಿಲ್ಲುವವಳು, ದಾಟಿರುತ್ತಾಳೆ ಎಂದುಕೊಂಡು ಮತ್ತೆ ಕೂತೇ ನಾನಿದ್ದ ಈ ದಡಕ್ಕೆ ಬಂದಳು. ಕಟ್ಟೆಯಲ್ಲೂ ನಾನು ಕಾಣದಿದ್ದಾಗ, ಗಾಬರಿಯಾದರೆ ಇವಳ ಕಾಲು ಹೋಗುವುದು ಬಸ್ಸಿನ ಕಡೆಗೇ ಎಂದು ಹೊಳೆಯಿತಂತೆ. ಅಲ್ಲಿದ್ದ ಈ ಪೊಲೀಸಿನವಳ ಮುಂದೆ ಸೀಟಿ ಊದುವ, ಟಿಕೆಟ್ ಹರಿಯುವ ಅಭಿನಯ ಮಾಡಿದಳು. ಆಕೆ ನೇರ ಇಲ್ಲಿಗೇ ಕರೆತಂದಳು. ಅಕ್ಕ ಒಬ್ಬಳಿಗೇ ಏನೂ ತೋಚುವುದಿಲ್ಲವೆಂದು ಸಾರಿಕೊಂಡು ಬಂದವಳು ನಾನು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು.

ಸಂಜೆ ಹೋಟೆಲಿನ ಕೋಣೆಯಲ್ಲಿ ಫೋನು ಬಂತು, ಅಕ್ಕನ ಮಗನದು. ಬಾಡಿಗೆಗೆ ಒಳ್ಳೆಯ ಜನ ಸಿಕ್ಕಿದ್ದಾರೆ, ನಾಳೆಯೇ ಮಾತು ಕೊಡಬೇಕು ಎಂದ. ಅಲ್ಲಿ ಏನಾದರೂ ಎಡವಟ್ಟಾಯಿತೇ, ಅಮ್ಮ ಎಲ್ಲಾದರೂ ತಪ್ಪಿಸಿಕೊಂಡಳೇ ಎಂದು ನನ್ನನ್ನೇ ಕೇಳಿದ. ಹೂಂ, ಲಾಂಚಿನಲ್ಲಿ ಒಬ್ಬಳೇ ಹೋಗಿಬಿಟ್ಟಿದ್ದಳು ಎಂದಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ನನ್ನ ಮಾತೂ ಗೆಲ್ಲುತ್ತಿತ್ತು. ಬಟ್ಟೆ ಮಡಚುತ್ತಿದ್ದ ಅಕ್ಕ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಹೀಗೆ ಹೇಳು ಎಂದು ಕಣ್ಣಿನಲ್ಲೂ ಕೇಳಲಿಲ್ಲ.

"ತಪ್ಪಿಸಿಕೊಂಡಿದ್ದು ನಾನು ಕಣೋ," ಅಂದೆ. "ನಿಮ್ಮಮ್ಮ ಬಂದು ಹುಡುಕಿದಳು. ಆ ಮನೇಲಿ ಜನ ಇದಾರೆ ಅಂತ ಬಾಡಿಗೆಗೆ ಬರೋರಿಗೆ ಹೇಳಿಬಿಡು."