ಗೋಡೆಯೊಳಗಿನ ಗುಂಯ್

"ಗೋಡೆ ಗುಂಯ್ ಅಂತಿದೆ" ಎಂದು ಅತ್ತೆ ಹೇಳತೊಡಗಿ ಒಂದು ತಿಂಗಳಾಗಿತ್ತು. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಜನರ ದೂರು ಕೇಳುವ ಸೊಸೆಗೆ, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದು ರೂಢಿಯಾಗಿಬಿಟ್ಟಿತ್ತು. ಮೊದಲ ವಾರ "ಫ್ರಿಜ್ಜಿನ ಸದ್ದಿರಬೇಕು ಅತ್ತೆ" ಎಂದಳು. ಎರಡನೆಯ ವಾರ ಕಿವಿ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಟಾರ್ಚ್ ಬಿಟ್ಟು ನೋಡಿ, "ವಯಸ್ಸಾಯ್ತಲ್ಲ" ಎಂದು ಡ್ರಾಪ್ಸ್ ಬರೆದುಕೊಟ್ಟರು. ಮೂರು ಹೊತ್ತು ಮೂರು ಮೂರು ಹನಿ ಹಾಕಿದರೂ ಗುಂಯ್ ನಿಲ್ಲಲಿಲ್ಲ. ಗೋಡೆಗೇ ಹಾಕಬೇಕಿತ್ತೋ ಏನೋ!

ಕಡೆಗೆ ಗಂಡ ಹೆಂಡತಿ ಕೂತು, ಅತ್ತೆಗೆ ಅರಳು ಮರಳು ಎಂದು ತೀರ್ಮಾನಿಸಿದರು. ಶನಿವಾರ ನಾದಿನಿ ಬಂದು ತಾಯಿಯನ್ನು ತನ್ನೂರಿಗೆ ಕರೆದೊಯ್ಯುವುದು, ತಲೆ ಡಾಕ್ಟರಿಗೆ ತೋರಿಸುವುದು, ಆಮೇಲೆ ಅಲ್ಲೇ ಇಟ್ಟುಕೊಳ್ಳುವುದು ಎಂದಾಯಿತು. ಅತ್ತೆಗೆ ಸುತರಾಂ ಇಷ್ಟವಿರಲಿಲ್ಲ.

"ನನ್ನ ಮಂಚ ಇಲ್ಲಿದೆ, ನನ್ನ ಕಿಟಕಿ ಇಲ್ಲಿದೆ. ನಾನ್ಯಾಕೆ ಹೋಗ್ಲಿ?" ಎಂದರು.

ಸೊಸೆ ಸೂಟ್‌ಕೇಸ್ ಕೆಳಗಿಳಿಸಿ, ಅವರ ಸೀರೆಗಳನ್ನು ಜೋಡಿಸಿದಳು.

ಗುರುವಾರ ಬಟ್ಟೆ ಒಣಹಾಕಲು ಹೋದಾಗ, ಅತ್ತೆಯ ಕೋಣೆಯ ಹೊರಗೋಡೆಗೆ ಹೊಡೆದಿದ್ದ ಮರದ ಹಲಗೆಗಳ ಸಂದಿಯಿಂದ ಹುಳಗಳು ಬರುವುದು ಅವಳಿಗೆ ಕಂಡಿತು. ಆಗಲೂ ಅತ್ತೆಯ ಮಾತು ನೆನಪಾಗಲಿಲ್ಲ, ಒಗೆದ ಬಟ್ಟೆಯದೇ ಚಿಂತೆ.

"ರೀ, ಕಡಜ! ಯಾರನ್ನಾದ್ರೂ ಕರೆಸೋಣ. ನೀವು ಮಾತ್ರ ಕೈಹಾಕ್ಬೇಡಿ."

ಹೇಳಿದ್ದು ಯಾರಿಗೆ? ಗಂಡ ಪೇಂಟರ್. ಇಪ್ಪತ್ತು ವರ್ಷ ಗೋಡೆಯ ಬಿರುಕಿಗೆ ಪುಟ್ಟಿ ಮೆತ್ತಿ ಬದುಕಿದವನಿಗೆ ತೂತು ಕಂಡರೆ ಕೈ ತುರಿಸುತ್ತದೆ. ಹೆಂಡತಿ ಒಳಗೆ ಫೋನ್ ನಂಬರ್ ಹುಡುಕುವಷ್ಟರಲ್ಲಿ ಏಣಿ ಹತ್ತಿ, ಸಂದಿಗೆಲ್ಲ ಪುಟ್ಟಿ ತುಂಬಿ, ಮೇಲೊಂದು ಕೈ ಬಣ್ಣವನ್ನೂ ಹೊಡೆದು ಇಳಿದ.

"ನೋಡು, ತೂತಿತ್ತು ಅಂತ ಗೊತ್ತೇ ಆಗಲ್ಲ!"

ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಹೊರದಾರಿ ಮುಚ್ಚಿದ್ದಕ್ಕೆ ಹುಳಗಳು ಒಳದಾರಿ ಹುಡುಕಿ, ಅತ್ತೆಯ ಕೋಣೆಯ ಸ್ವಿಚ್ ಬೋರ್ಡಿನ ಪಕ್ಕದಿಂದ ಮೊದಲು ಒಂದೊಂದಾಗಿ, ಆಮೇಲೆ ದಂಡುದಂಡಾಗಿ ಬಂದವು. ಸೊಸೆ ಅತ್ತೆಯನ್ನು ಈಚೆ ಎಳೆದುಕೊಂಡು ಬಂದು ಬಾಗಿಲು ಹಾಕಿ, ಅಡಿಸಂದಿಗೆ ಟವೆಲ್ ತುರುಕಿದಳು. ಗಂಡನ ಮೂಗಿಗೆ ಒಂದು ಕುಟುಕಿತ್ತು.

"ಹೇಳಿದ್ದೇನು, ನೀವು ಮಾಡಿದ್ದೇನು? ಸಾಕಪ್ಪಾ ಸಾಕು ಈ ಮನೆ!" ಎಂದು ಅವಳು ತಲೆ ಚಚ್ಚಿಕೊಂಡಳು. ಅವನ ಮೂಗು ಊದುವುದನ್ನು ನೋಡಿ ಸ್ವಲ್ಪ ಸಮಾಧಾನವೂ ಆಯಿತು.

ಸಂಜೆ ಜೇನು ಬಿಡಿಸುವವನು ಬಂದ.

"ಕಡಜ ಅಲ್ಲಮ್ಮ, ಜೇನು. ಔಷಧಿ ಹೊಡೆದು ಸಾಯಿಸಿದ್ರೆ ಹುಳ ಒಳಗೇ ಕೊಳೆತು ತುಪ್ಪ ಸೋರುತ್ತೆ. ಹಲಗೆ ಬಿಚ್ಚಿ ಗೂಡನ್ನೇ ತೆಗೀಬೇಕು. ಎಲ್ಲಿದೆ?"

ಗಂಡ ಪುಟ್ಟಿಯ ಜಾಗ ತೋರಿಸಿದ.

"ಅದು ಬಾಗಿಲು ಸ್ವಾಮಿ, ಗೂಡಲ್ಲ. ಗೂಡಿರೋ ಜಾಗ ಗೊತ್ತಿಲ್ದಿದ್ರೆ ಇಡೀ ಗೋಡೆ ಬಿಚ್ಚಬೇಕಾಗುತ್ತೆ. ಮನೇಲಿ ಯಾರಿಗೂ ಸದ್ದು ಕೇಳಿಸಿರ್ಲಿಲ್ವಾ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹಜಾರದ ಕುರ್ಚಿಯಿಂದ ಅತ್ತೆಯ ದನಿ ಬಂತು.

"ಮೊದ್ಲು ಕಿಟಕಿ ಮೇಲಿನ ಮೂಲೇಲಿ ಶುರುವಾಯ್ತಪ್ಪ. ದಿನಾ ಒಂದಿಷ್ಟು ಕೆಳಗಿಳೀತು. ಈಗ ನನ್ನ ದಿಂಬಿನ ಹತ್ರ ಬಂದಿದೆ. ಕಿಟಕಿಯಿಂದ ಎರಡು ಗೇಣು ಎಡಕ್ಕೆ. ಅದು ಒಳಗಿಂದ. ನೀನು ಹೊರಗೆ ನಿಂತ್ರೆ ಬಲಕ್ಕೆ."

ಅವನು ಹೊರಗೆ ಹೋಗಿ ಗೇಣು ಹಾಕಿ, ಕತ್ತಲಾಗುವ ಮೊದಲೇ ನಾಲ್ಕು ಹಲಗೆ ಬಿಚ್ಚಿದ. ಜೇನಿನ ಎರಿಗಳು ಕಿಟಕಿಯ ಮೂಲೆಯಿಂದ ದಿಂಬಿನ ಮಟ್ಟದವರೆಗೆ ನೇತಾಡುತ್ತಿದ್ದವು, ಅತ್ತೆ ಹೇಳಿದಲ್ಲೇ, ಒಂದಂಗುಲ ಆಚೀಚೆ ಇಲ್ಲದೆ. ಸೊಸೆ ಒಳಗೆ ಬಂದು ನಾದಿನಿಗೆ ಫೋನ್ ಮಾಡಿದಳು.

"ಶನಿವಾರ ನೀನು ಬರೋದು ಬೇಡ ಕಣೇ."

"ಯಾಕತ್ತಿಗೆ, ಅಮ್ಮನಿಗೆ ವಾಸಿ ಆಯ್ತಾ?"

"ಅವರಿಗೆ ಏನೂ ಆಗಿರ್ಲೇ ಇಲ್ಲ."

ಫೋನ್ ಇಟ್ಟು, ಸೂಟ್‌ಕೇಸ್ ತೆರೆದು ಸೀರೆಗಳನ್ನು ಒಂದೊಂದಾಗಿ ಹೊರತೆಗೆಯತೊಡಗಿದಳು. ಅತ್ತೆ ನಿಧಾನವಾಗಿ ಬಂದು, ಡ್ರಾಪ್ಸ್ ಬಾಟಲಿಯನ್ನು ಅವಳ ಕೈಗಿಟ್ಟರು.

"ಇನ್ನೂ ಅರ್ಧ ಇದೆ, ದಂಡ ಮಾಡ್ಬೇಡ. ನೀನೂ ಅವನೂ ಹಾಕ್ಕೊಳ್ಳಿ. ಮೂರು ಹೊತ್ತು, ಮೂರು ಮೂರು ಹನಿ."