ಮುಟ್ಟುವಂತಿಲ್ಲ

ವಯಸ್ಸಿನ ಮಿತಿಯಿಂದಾಗಿ ದಾಕ್ಷಾಯಿಣಿಗೆ ಅರ್ಜಿ ಹಾಕಲು ಇದೇ ಕೊನೆಯ ವರ್ಷ. ಉತ್ಖನನಕ್ಕೆ ಹೋಗುವವರಿಗೆ ಕೊಡುವ ವಿದ್ಯಾರ್ಥಿವೇತನ ಸಿಕ್ಕರೆ ಹೋಗು, ಇಲ್ಲದಿದ್ದರೆ ಗೋಕುಲ ರಸ್ತೆಯ ನಮ್ಮ ಅಂಗಡಿಯಲ್ಲಿ ಕೂರು ಎಂದು ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಆಯ್ಕೆಯ ಪರೀಕ್ಷೆ ಧಾರವಾಡದ ಕಾಲೇಜೊಂದರ ಹಿತ್ತಲಲ್ಲಿ ನಡೆದಿತ್ತು. ಹಳೆಯ ವಸ್ತುಗಳನ್ನು ಹೂತಿಟ್ಟ ಗುಂಡಿಯಲ್ಲಿ ಕೂತು ಬ್ರಷ್‌ನಿಂದ ಮಣ್ಣು ಸರಿಸಬೇಕು. ಏನೇ ಕಂಡರೂ ಫೋಟೊ ತೆಗೆದು ಅಳತೆ ಬರೆದುಕೊಳ್ಳುವ ತನಕ ಅದನ್ನು ಮುಟ್ಟುವಂತಿಲ್ಲ. ಈ ನಿಯಮವನ್ನು ಅವಳು ಬೆಳಗಿನಿಂದ ಜಪದಂತೆ ಹೇಳಿಕೊಂಡಿದ್ದಳು.

ಮಣ್ಣಿನಡಿಯಿಂದ ಹೆಬ್ಬೆರಳಿನಷ್ಟು ಕಪ್ಪು ಲಿಂಗ ಕಂಡಿತು. ಮರುಕ್ಷಣ ಅದು ಅವಳ ಅಂಗೈಯಲ್ಲಿತ್ತು. ಎರಡೂ ಕಣ್ಣಿಗೆ ಒತ್ತಿಕೊಂಡೂ ಆಗಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ ರೂಢಿಯಾದದ್ದನ್ನು ಹಾಳು ಕೈ ತಾನೇ ಮಾಡಿಬಿಟ್ಟಿತ್ತು. ಕಣ್ಣು ತೆರೆದಾಗ ಗುಂಡಿಯಲ್ಲಿ ಕುಸಿದ ಮಣ್ಣಷ್ಟೇ ಇತ್ತು. ಅವಳು ಲಿಂಗವನ್ನು ಅಲ್ಲಿಟ್ಟು ನೋಡಿದಳು, ಇಲ್ಲಿಟ್ಟು ನೋಡಿದಳು.

“ಎಲ್ಲಿತ್ತು, ಹೆಂಗಿತ್ತು, ಹೇಳು ನೋಡೂಣು,” ಎಂದರು ಪರೀಕ್ಷಕ ಗುರುಬಸವ ಸರ್.

“ಇದೊಂದ್ ಸಲ ಬಿಟ್ಟುಬಿಡ್ರಿ ಸರ್. ನಿಮ್ಮ ಕಾಲಿಗೆ ಬೀಳ್ತೇನಿ. ನನಗ ಇನ್ನೊಂದ್ ವರ್ಷ ಇಲ್ರಿ!”

“ಎಲ್ಲಿತ್ತು ಅನ್ನೋದು ಅಳಿಸಿಹೋದ ಮ್ಯಾಲ ಇದು ಬರೇ ಕಲ್ಲು, ತಂಗಿ. ನಮ್ಮ ಕೆಲಸಕ್ಕ ಬರೂದಿಲ್ಲ.”

ಅವರು ಚಪ್ಪಲಿ ಕಳಚಿದರು. ಆ ಕಲ್ಲನ್ನು ಅವಳ ಕೈಯಿಂದ ತೆಗೆದುಕೊಂಡು ತಮ್ಮ ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಮುಂದಿನ ವಿದ್ಯಾರ್ಥಿಯ ಹೆಸರು ಕೂಗಿದರು.