ಆಯಾಳ ಬೆರಳಿನ ತೊಂಬತ್ತೆಂಟು

"ಬೆರಳು ಕೊಡೇ ಮೂದೇವಿ! ಎಷ್ಟು ಸಲ ಕೂಗ್ಬೇಕು ನಿನ್ನ?"

ಆಯಾ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ತೋರುಬೆರಳು ಚಾಚಿದಳು. ಸಿಸ್ಟರ್ ಅದಕ್ಕೆ ಕ್ಲಿಪ್ಪು ಕಚ್ಚಿಸಿದಳು. ಬಟ್ಟೆ ಒಣಹಾಕುವ ಕ್ಲಿಪ್ಪಿಗಿಂತ ಕೊಂಚ ದಪ್ಪ. ಬೆರಳು ಸಿಕ್ಕರೆ ಒಳಗೆ ಕೆಂಪು ದೀಪ ಹೊತ್ತಿ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಂಕಿಯಲ್ಲಿ ಹೇಳುತ್ತದೆ. ತೊಂಬತ್ತೆಂಟು ಎಂದಿತು.

"ಕತ್ತೆ ಹಂಗೆ ಗಟ್ಟಿಯಾಗಿದೀಯ ಬಿಡು," ಎಂದು ಸಿಸ್ಟರ್ ಹನ್ನೊಂದನೇ ಮಂಚದ ಮುದುಕಿಯ ಹಾಳೆಯಲ್ಲಿ ತೊಂಬತ್ತೆಂಟು ಬರೆದಳು. ಹನ್ನೆರಡರ ಹಾಳೆಯಲ್ಲಿ ತೊಂಬತ್ತೇಳು. "ಎಲ್ಲಾದ್ರಲ್ಲೂ ಒಂದೇ ಬರೆದ್ರೆ ಡಾಕ್ಟ್ರ ಕಣ್ಣಿಗೆ ಚುಚ್ಚತ್ತೆ."

ಹೆಂಗಸರ ವಾರ್ಡಿನಲ್ಲಿ ಮಂಚ ನಲವತ್ತು, ಸಿಸ್ಟರ್ ಇಬ್ಬರು, ಕ್ಲಿಪ್ಪು ಒಂದು. ಮುದುಕಿಯರ ಬೆರಳು ಕಲ್ಲಿನಂತೆ ತಣ್ಣಗಿರುತ್ತದೆ. ಕೂತು ಉಜ್ಜಿ ಬೆಚ್ಚಗೆ ಮಾಡದೆ ಅಂಕಿ ಬರುವುದಿಲ್ಲ. ಕೂರಲು ಹೊತ್ತು ಯಾರಿಗಿದೆ? ಕ್ಲಿಪ್ಪು ಕೆಟ್ಟಿದೆಯೋ ಎಂದು ನೋಡಲು ಒಂದು ದಿನ ನೆಲ ಒರೆಸುತ್ತಿದ್ದ ಆಯಾಳ ಬೆರಳಿಗೆ ಹಾಕಿದರು. ಅಂಕಿ ಟಕ್ಕನೆ ಬಂತು. ಮಾರನೆಯ ದಿನದಿಂದ ಅದೇ ಪದ್ಧತಿಯಾಯಿತು. ಬೆಳಗಿನ ಹೊತ್ತಿಗೇ ಹಾಳೆಗಳಲ್ಲಿ ಸಂಜೆ ಆರರವರೆಗಿನ ಮನೆಗಳೆಲ್ಲ ತುಂಬಿಬಿಡುತ್ತಿದ್ದವು.

ಆಯಾಳಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಮೊದಲ ದಿನ ಮನೆಗೆ ಹೋಗಿ ಅಕ್ಕನ ಮುಂದೆ ಬೆರಳು ಎತ್ತಿ ತೋರಿಸಿದ್ದಳು.

"ನಲವತ್ತು ಜನರ ಉಸಿರು ಇದರಲ್ಲಿದೆ ಕಣಕ್ಕಾ."

"ಹಂಗಾದ್ರೆ ಅದರಲ್ಲಿ ಮೂಗು ತುರಿಸ್ಕೋಬೇಡ್ವೇ, ನಲವತ್ತು ಜನ ಒಟ್ಟಿಗೆ ಸೀನ್ತಾರೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ತಾಯಿ ಸತ್ತ ಮೇಲೆ ತಂಗಿಯನ್ನು ಎತ್ತಿ ಬೆಳೆಸಿದವಳು ಈ ಅಕ್ಕ. ಮೂವತ್ತು ವರ್ಷದಿಂದ ಬಣ್ಣದ ಕಾರ್ಖಾನೆಯಲ್ಲಿ ನೂಲಿನ ಲಡಿಗಳನ್ನು ನೀಲಿ ತೊಟ್ಟಿಗೆ ಅದ್ದಿ ಅದ್ದಿ ಅವಳ ಕೈ ಮೊಣಕೈವರೆಗೂ ನೀಲಿ. ಉಗುರಂತೂ ಕಡುನೀಲಿ.

ಆ ಅಕ್ಕ ಎದೆಯಲ್ಲಿ ಕಫ ಕಟ್ಟಿಕೊಂಡು ಅದೇ ವಾರ್ಡಿನ ಇಪ್ಪತ್ಮೂರನೇ ಮಂಚಕ್ಕೆ ಬಂದಳು. ಕ್ಲಿಪ್ಪು ಅವಳ ಬೆರಳು ಕಚ್ಚಿತು. ಅಂಕಿಯ ಜಾಗದಲ್ಲಿ ಎರಡು ಗೀಟು.

"ಕೈಯೋ ಇದು, ಮಸಿ ಕುಡಿಕೆಯೋ? ಆಸ್ಪತ್ರೆಗೆ ಬರೋವಾಗ ತಿಕ್ಕಿ ತೊಳ್ಕೊಂಡು ಬರೋಕೇನು ರೋಗ?"

"ತಿಕ್ಕಿದೀನಿ ತಾಯಿ. ಚರ್ಮ ಹೋಗತ್ತೆ, ಬಣ್ಣ ಹೋಗಲ್ಲ," ಎಂದು ಅಕ್ಕ ಕೆಮ್ಮಿನ ನಡುವೆಯೇ ನಕ್ಕಳು.

ಆಯಾ ಮೆಲ್ಲಗೆ ಹೇಳಿದಳು: "ಸಿಸ್ಟರ್, ಮೇಲಿನ ಸ್ಪೆಷಲ್ ರೂಮಲ್ಲಿ ಉಗುರಿಗೆ ಬಣ್ಣ ಹಚ್ಚಿದ್ದ ಅಮ್ಮನವ್ರಿಗೆ ಕಿವಿಗೆ ಹಾಕಿ ನೋಡಿದ್ರಂತೆ."

"ಓಹೋ! ಅವರ ಕಿವಿ, ನಿಮ್ಮಕ್ಕನ ಕಿವಿ ಒಂದೇನೇ? ನೆಲ ಒರೆಸೋಳು ನನಗೆ ಪಾಠ ಹೇಳ್ತಾಳೆ. ಬೆರಳು ಕೊಡು."

ಕೈ ತಾನಾಗಿಯೇ ಮುಂದೆ ಹೋಯಿತು. ಗಾಣದೆತ್ತು ಕೊರಳು ಕೊಡುವ ಹಾಗೆ. ಅಕ್ಕನ ಹಾಳೆಯಲ್ಲಿ ತೊಂಬತ್ತೆಂಟು ಬಿತ್ತು. ಅದನ್ನು ನೋಡಿ ಆಯಾಳಿಗೆ ಒಂದು ಗಳಿಗೆ ಸಮಾಧಾನವೇ ಆಯಿತು.

ಮಾರನೆಯ ದಿನ ಮಧ್ಯಾಹ್ನ ಅಕ್ಕನಿಗೆ ಮಲಗಲಾಗಲಿಲ್ಲ. ಮಂಚದ ಕಂಬಿ ಹಿಡಿದು ಕೂತು ಬಾಯಿಂದ ಉಸಿರೆಳೆಯುತ್ತಿದ್ದಳು. ಮಾತು ತುಂಡಾಗಿ ಬರುತ್ತಿತ್ತು.

"ನೀರೊಳಗೆ... ಇದ್ದಂಗಿದೆ ಕಣೇ. ತೊಟ್ಟಿಯೊಳಗೆ... ತಲೆ ಅದ್ದಿದಂಗೆ."

ಆಯಾ ಬಕೆಟ್ಟು ಬಿಟ್ಟು ಓಡಿದಳು. ಸಿಸ್ಟರ್ ಹೊಸದಾಗಿ ಬಂದವರ ಹಾಳೆ ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ.

"ಬೆಳಿಗ್ಗೆ ತೊಂಬತ್ತೆಂಟಿತ್ತಲ್ಲ."

"ಅದು ನಂದು ಸಿಸ್ಟರ್!"

ಸಿಸ್ಟರ್ ಕೈಯ ಪೆನ್ನು ನಿಂತಿತು. "ಮೆಲ್ಲಗೆ ಮಾತಾಡು. ಬೆರಳು ಕೊಟ್ಟೋಳು ಯಾರು? ನೀನು. ಗೊತ್ತಾದ್ರೆ ಮೊದ್ಲು ಹೊರಗೆ ಹೋಗೋದು ಯಾರು?" ಆಮೇಲೆ ದನಿ ಇಳಿಸಿದಳು. "ನಾನೂ ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಕಣೇ. ಡಾಕ್ಟ್ರು ರೌಂಡ್ಸ್‌ಗೆ ಬರ್ತಾರೆ, ಸುಮ್ಮನಿರು."

ದೊಡ್ಡ ಡಾಕ್ಟರು ಬಂದರು, ಹಿಂದೆ ಏಳೆಂಟು ಜನ ಕಲಿಯುವ ಹುಡುಗರು. ಹಾಳೆ ನೋಡಿದರು. "ಗುಡ್," ಎಂದರು.

ಆಯಾ ಕೈ ಮುಗಿದು ಅಡ್ಡ ನಿಂತಳು. "ಸಾಮಿ, ಮುಖ ನೋಡಿ ಸಾಮಿ. ತುಟಿ ನೋಡಿ, ಉಗುರು ನೋಡಿ, ನೀಲಿ ಆಗ್ತಾ ಇದೆ."

"ಬಣ್ಣದ ಕೆಲಸದವಳ ಉಗುರು ನೀಲಿ ಇರದೆ ಚಿನ್ನದ ಬಣ್ಣ ಇರತ್ತೇನಮ್ಮಾ?"

ಹುಡುಗರು ನಕ್ಕರು. ಡಾಕ್ಟರು ಇಪ್ಪತ್ನಾಲ್ಕಕ್ಕೆ ಹೋದರು, ಮಿಕ್ಕ ಹಾಳೆಗಳನ್ನೂ ನೋಡಿ ವಾರ್ಡಿನಿಂದಾಚೆ ಹೋದರು.

ಅಕ್ಕ ತಂಗಿಯ ತೋಳು ಹಿಡಿದುಕೊಂಡಳು. "ಬಿಡೇ... ದೇವರು ಕೊಟ್ಟ ಉಸಿರು. ಅವನಿಗೆ ಲೆಕ್ಕ... ಗೊತ್ತು."

"ಅವನಿಗೆ ಗೊತ್ತು. ಇವರಿಗೆ ಗೊತ್ತಾಗ್ಬೇಕಲ್ಲಕ್ಕಾ," ಎಂದವಳು ಮೇಜಿನ ಮೇಲಿದ್ದ ಕ್ಲಿಪ್ಪನ್ನು ಎತ್ತಿಕೊಂಡು ಬಂದು ಅಕ್ಕನ ಕಿವಿಗೆ ಕಚ್ಚಿಸಿದಳು. ಕೆಂಪು ದೀಪ ಹೊತ್ತಿತು. ಗೀಟು ಬರಲಿಲ್ಲ, ಅಂಕಿ ಬಂತು. ಎಪ್ಪತ್ತೊಂದು. ನೋಡುತ್ತಿದ್ದಂತೆ ಅರವತ್ತೊಂಬತ್ತು.

"ಮೆಷೀನ್ ಮುಟ್ಟಿದ್ಯೇನೇ ಕಳ್ಳಿ!" ಎಂದು ಬಂದ ಸಿಸ್ಟರ್ ಅಂಕಿ ನೋಡಿದಳು. ತಾನೇ ಓಡಿಹೋಗಿ ಸಿಲಿಂಡರ್ ಉರುಳಿಸಿಕೊಂಡು ಬಂದಳು. ಮಾಸ್ಕು ಹುಡುಕಿದಳು. ಅದರ ಕೊಳವೆ ಹುಡುಕಿದಳು. ಮಾಸ್ಕು ಮುಖಕ್ಕೆ ಬರುವ ಹೊತ್ತಿಗೆ ತೋಳು ಹಿಡಿದಿದ್ದ ನೀಲಿ ಬೆರಳುಗಳು ಸಡಿಲವಾಗಿದ್ದವು.

ಗಡಿಯಾರದಲ್ಲಿ ನಾಲ್ಕಾಗಿರಲಿಲ್ಲ. ಮಂಚದ ಕಾಲ ಬಳಿ ತೂಗುತ್ತಿದ್ದ ಹಾಳೆಯಲ್ಲಿ ನಾಲ್ಕು ಗಂಟೆಗೆ ಅಕ್ಕನಿಗೆ ತೊಂಬತ್ತೇಳು, ಆರು ಗಂಟೆಗೆ ತೊಂಬತ್ತೆಂಟು.

ಆಫೀಸಿನವನು ಹಾಳೆ ತಿರುವಿ ನೋಡಿ ಹೇಳಿದ: "ಎಲ್ಲಾ ಸರಿಯಾಗಿದೆಯಲ್ಲಮ್ಮಾ. ತೊಂಬತ್ತೆಂಟಿದ್ದೋಳು ಹೋದ್ಲು ಅಂದ್ರೆ ಅದು ದೇವರ ಇಚ್ಛೆ. ನಿನಗೆ ನಾಲ್ಕು ದಿನ ರಜೆ. ಐದನೇ ದಿನ ಬರದಿದ್ರೆ ಬೇರೆಯವಳು ಬರ್ತಾಳೆ."

ಐದನೆಯ ದಿನ ಆಯಾ ಬಂದಳು. ಬರುವ ಮೊದಲು ಕಾರ್ಖಾನೆಯ ಕಡೆ ಹೋಗಿ ಅಕ್ಕನ ತೊಟ್ಟಿಯ ಮುಂದೆ ಒಂದಿಷ್ಟು ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ಬಂದವಳು ಎಂದಿನಂತೆ ಬಕೆಟ್ಟಿಗೆ ನೀರು ಹಿಡಿದಳು. ಹನ್ನೊಂದನೇ ಮಂಚದ ಕೆಳಗೆ ಬಗ್ಗಿ ಒರೆಸತೊಡಗಿದಳು.

ಸಿಸ್ಟರ್ ಹಾಳೆಗಳ ಕಟ್ಟು ಹಿಡಿದು ಬಂದಳು. ಅವಳ ಮುಖ ನೋಡದೆ ಹೇಳಿದಳು, "ಬೆರಳು ಕೊಡೇ."

ಆಯಾ ಕೊಟ್ಟಳು. ಕ್ಲಿಪ್ಪು ಕಚ್ಚಿತು. ಎರಡು ಗೀಟು.

ಸಿಸ್ಟರ್ ಬಗ್ಗಿ ನೋಡಿದಳು. ಬೆರಳು ನೀಲಿ. ಕೈ ಮೊಣಕೈವರೆಗೂ ನೀಲಿ. ಇನ್ನೊಂದು ಕೈ ಎಳೆದಳು. ಅದೂ ನೀಲಿ.

"ಏನೇ ಇದು ಹಾದರಗಿತ್ತಿ! ತೊಳ್ಕೊಂಡು ಬಾ ಹೋಗು!"

"ಚರ್ಮ ಹೋಗತ್ತೆ ಸಿಸ್ಟರ್. ಬಣ್ಣ ಹೋಗಲ್ಲ."

"ಇನ್ನೇನು ರೌಂಡ್ಸು ಶುರುವಾಗತ್ತೆ. ನಲವತ್ತು ಹಾಳೆ ಖಾಲಿ ಇದೆ. ಕಿವಿ ತಾ ಇಲ್ಲಿ!"

ಆಯಾ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತಳು.

"ಕಿವೀಲೂ ಬರತ್ತಾ ಸಿಸ್ಟರ್?"

ಕ್ಲಿಪ್ಪು ಹಿಡಿದಿದ್ದ ಕೈ ಗಾಳಿಯಲ್ಲೇ ನಿಂತಿತು. ಬಾಗಿಲ ಆಚೆ ಡಾಕ್ಟರ ಬೂಟಿನ ಸದ್ದು ಹತ್ತಿರವಾಗುತ್ತಿತ್ತು.

ಹನ್ನೊಂದನೇ ಮಂಚದ ಮುದುಕಿ ಹೊದಿಕೆಯೊಳಗಿಂದ ತನ್ನ ತಣ್ಣನೆಯ ಬೆರಳನ್ನು ಸಿಸ್ಟರ್ ಕಡೆಗೆ ಚಾಚಿದಳು.

"ನಂದು ಇಲ್ಲಿದೆ ಕಣವ್ವ," ಎಂದಳು. "ಉಜ್ಜು."